ಕಾಲಿಗಂಡಕಿಯ ಅಡಿಯಲ್ಲಿರುವ ಹಳೆಯ ಬಿರುಕು

ನೇಪಾಳದ ಮುಕ್ತಿನಾಥಕ್ಕೆ ಹೊರಟ ನಮ್ಮ ತಂಡದ ಬಹುತೇಕರಿಗೆ ಸಾಲಿಗ್ರಾಮದ ಮೇಲೆ ಆಸೆ; ನನಗೆ ಅದು ಸಿಗುವ ಕಣಿವೆಯ ಮೇಲೂ ಕಣ್ಣಿತ್ತು. ಪೋಖರಾದಿಂದ ಜೀಪಿನಲ್ಲಿ ಬೇನಿ, ತಾತೋಪಾನಿಗಳನ್ನು ದಾಟಿ ಮೇಲೇರುವಾಗ ಬಲಕ್ಕೆ 8,091 ಮೀಟರಿನ ಅನ್ನಪೂರ್ಣಾ, ಎಡಕ್ಕೆ 8,167 ಮೀಟರಿನ ಧವಳಗಿರಿ; ನಡುವೆ ಕಾಲಿಗಂಡಕಿ ನದಿ.

ಕಾಗ್‌ಬೇನಿ ತಲುಪಿದಾಗ ಮಧ್ಯಾಹ್ನವಾಗಿತ್ತು. ದಕ್ಷಿಣದಿಂದ ಬೀಸುವ ಗಾಳಿ ಮುಖಕ್ಕೆ ಮರಳೆರಚುತ್ತಿತ್ತು. ನದಿಯ ಹಾಸಿನಲ್ಲಿ ಮಾವ ಹೆಕ್ಕಿಕೊಟ್ಟ ಕರಿಯ ಉರುಟು ಕಲ್ಲಿನ ಒಡೆದ ಬದಿಯಲ್ಲಿ ಏಣುಗಳುಳ್ಳ ಸುರುಳಿಯೊಂದು ಅಚ್ಚೊತ್ತಿತ್ತು: ಸುಮಾರು 15 ಕೋಟಿ ವರ್ಷಗಳ ಹಿಂದೆ ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಬದುಕಿದ್ದ ಅಮೋನೈಟ್ ಎಂಬ ಚಿಪ್ಪುಜೀವಿ. ಅಲ್ಲಿಂದ ಉತ್ತರಕ್ಕೆ ನೋಡಿದರೆ ಕಣಿವೆ ಅಗಲವಾಗಿ ತೆರೆದುಕೊಳ್ಳುತ್ತದೆ. ಅದು ಬರೀ ನದಿ ಕೊರೆದ ಕಣಿವೆಯಲ್ಲ. ಸ್ತರಭಂಗಗಳ, ಅಂದರೆ ಬಂಡೆಗಳು ಜಾರಿದ ಬಿರುಕುಗಳ, ಗುಂಟ ನೆಲ ಕುಸಿದು ಉಂಟಾದ ಥಕ್ಕೋಲಾ ತಗ್ಗು.

ಹಿಮಾಲಯದ ಮಡಿಕೆಗಳು ಪೂರ್ವ ಪಶ್ಚಿಮವಾಗಿ ಹರಡಿರುವಾಗ ಈ ತಗ್ಗು ಅವುಗಳಿಗೆ ಅಡ್ಡಲಾಗಿ, ಅದೂ ಇಲ್ಲಿಯೇ, ಏಕೆ ಬಿತ್ತು? ಟಿಬೆಟ್ ಪೂರ್ವ ಪಶ್ಚಿಮವಾಗಿ ಹಿಗ್ಗುತ್ತಿರುವುದರಿಂದ ನೆಲ ಬಿರಿಯಿತೆಂಬುದು ಸರಿಯೇ, ಆದರೆ ಜಾಗದ ಪ್ರಶ್ನೆಗೆ ಅದು ಉತ್ತರವಲ್ಲ. ನೆಲದಡಿಯ ಬಂಡೆಗಳ ಸಾಂದ್ರತೆಗೆ ತಕ್ಕಂತೆ ಬದಲಾಗುವ ಗುರುತ್ವದ ಅಳತೆಗಳನ್ನು ಪರಿಶೀಲಿಸಿ ಭೂವಿಜ್ಞಾನಿಗಳಾದ ಗೋಡಿನ್ ಮತ್ತು ಹ್ಯಾರಿಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಗಂಗೆಯ ಬಯಲಿನತ್ತ ಬೆರಳು ತೋರಿಸುತ್ತದೆ. ಅಲ್ಲಿ ಮೆಕ್ಕಲಿನಡಿ ಹೂತಿರುವ ಫೈಜಾಬಾದ್ ದಿಣ್ಣೆ 54 ಕೋಟಿ ವರ್ಷಗಳಿಗೂ ಹಿಂದಿನ ಅಡಿಗಲ್ಲಿನದು, ಅಂದರೆ ಮೇಲಿನ ಪದರಗಳಿಗೆಲ್ಲ ತಳವಾದ ಬಂಡೆಯದು; ಅದರ ಪಶ್ಚಿಮದ ಅಂಚಿನ ಲಖನೌ ಸ್ತರಭಂಗವನ್ನು ಉತ್ತರಕ್ಕೆ ಎಳೆದರೆ ಥಕ್ಕೋಲಾದ ನೇರಕ್ಕೆ ಬರುತ್ತದೆ. ಭಾರತದ ಭೂಫಲಕ ಹಿಮಾಲಯದಡಿಗೆ ನುಗ್ಗುವಾಗ ತನ್ನ ಬಿರುಕುಗಳನ್ನೂ ಹೊತ್ತೊಯ್ಯುತ್ತದೆ. ಬಿರುಕಿನ ಎರಡೂ ಬದಿ ಒಂದೇ ಸಮನೆ ಮಣಿಯುವುದಿಲ್ಲವಾದ್ದರಿಂದ, ಮೇಲೆ ರಾಶಿಬಿದ್ದ ಶಿಲಾಪದರಗಳು ಅದೇ ಗೆರೆಯ ಮೇಲೆ ದುರ್ಬಲವಾಗುತ್ತವೆ. ನಡುವೆ ಹತ್ತಾರು ಕಿಲೋಮೀಟರ್ ದಪ್ಪದ ಬಂಡೆ ಇರುವಾಗ, ಹಳೆಯ ಬಿರುಕೇ ಮೇಲೆದ್ದು ಬಂದಿದೆ ಎಂದು ನಾನು ಹೇಳಲಾರೆ. ತಗ್ಗು ಎಲ್ಲಿ ಬೀಳಬೇಕೆಂಬುದನ್ನು ಅದು ನಿರ್ಧರಿಸಿತು ಎಂಬಷ್ಟು ಮಾತ್ರ ನನಗೆ ಒಪ್ಪಿಗೆ.

ಮುಕ್ತಿನಾಥದ 108 ಧಾರೆಗಳಡಿ ಎಲ್ಲರೂ ನಡುಗುತ್ತ ಮಿಂದೆವು. ಹಿಂತಿರುಗುವಾಗ ಗೋರಖಪುರದಿಂದ ಹಿಡಿದ ರೈಲು ಲಖನೌ ದಾಟಿತು. ‘ನಿನ್ನ ಬಿರುಕು ಎಲ್ಲಪ್ಪಾ?’ ಎಂದು ಮಾವ ಕೇಳಿದರು. ಕಿಟಕಿಯಾಚೆ ಗೋಧಿಯ ಹೊಲಗಳು ಚಪ್ಪಟೆಯಾಗಿ ಹಾಸಿದ್ದವು. ತೋರಿಸಲು ಏನೂ ಇರಲಿಲ್ಲ.