ಮುಖ ಮುಚ್ಚಿದೆವು, ವಿಳಾಸ ಬಿಟ್ಟೆವು

ನಾನು ಒಂದು ಸುದ್ದಿ ವೆಬ್‌ಸೈಟಿನ ಫೋಟೋ ಡೆಸ್ಕಿನಲ್ಲಿದ್ದೇನೆ. ಬಂದ ಚಿತ್ರಗಳಲ್ಲಿ ಒಂದನ್ನು ಆರಿಸಬೇಕು, ಕ್ರಾಪ್ ಮಾಡಬೇಕು, ಬಣ್ಣ ಸರಿ ಮಾಡಬೇಕು, ಅಡಿಬರಹ ಬರೆದು ಪುಟಕ್ಕೆ ಏರಿಸಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದ ಮೇಲೆ ಫೋಟೋ ಅಂದರೆ ಕಣ್ಣಿಗೆ ಕಾಣುವಷ್ಟೇ ಅನ್ನುವ ಭ್ರಮೆ ಬಂದುಬಿಡುತ್ತದೆ. ನನಗೂ ಬಂದಿತ್ತು.

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಒಬ್ಬ ಹೆಣ್ಣುಮಗಳ ವರದಿ ಅದು. ಹೆಸರು ಬದಲಿಸಿದ್ದೆವು. ಈಗ ಎಲ್ಲಿದ್ದಾರೆ ಎಂದು ಬರೆದಿರಲಿಲ್ಲ. ವರದಿಗಾರ್ತಿ ತಮ್ಮ ಫೋನಿನಲ್ಲೇ ಚಿತ್ರ ತೆಗೆದಿದ್ದರು. ಬೆನ್ನು ಮಾತ್ರ ಕಾಣುತ್ತಿತ್ತು. ಮುಂದೊಂದು ಕಿಟಕಿ, ಅದರಾಚೆ ಬರೀ ಬೆಳಕು. ‘ಇದಕ್ಕಿಂತ ಸೇಫ್ ಫೋಟೋ ಇನ್ನೊಂದಿಲ್ಲ’ ಎಂದು ಒಪ್ಪಿಗೆ ಕೊಟ್ಟವನು ನಾನೇ.

ಪ್ರಕಟವಾದ ಎರಡು ಗಂಟೆಗೆ ಓದುಗರೊಬ್ಬರಿಂದ ಇಮೇಲ್ ಬಂತು. ‘ನಿಮ್ಮ ಫೋಟೋದಲ್ಲಿ ಆ ಮನೆಯ ಜಾಗ ಇದೆ. ದಯವಿಟ್ಟು ಬೇಗ ತೆಗೆಯಿರಿ.’ ಇಷ್ಟೇ. ನಾನು ಚಿತ್ರವನ್ನು ದೊಡ್ಡದು ಮಾಡಿ ಕಿಟಕಿಯಾಚೆ ಏನಾದರೂ ಬೋರ್ಡ್ ಕಾಣುತ್ತಿದೆಯಾ ಎಂದು ಹುಡುಕಿದೆ. ಏನೂ ಇಲ್ಲ. ಇಮೇಲನ್ನು ಮತ್ತೆ ನೋಡಿದಾಗ ಕೆಳಗೆ ಎರಡು ಉದ್ದನೆಯ ಸಂಖ್ಯೆಗಳು ಕಂಡವು. ಅವನ್ನು ಮ್ಯಾಪಿಗೆ ಹಾಕಿದೆ. ಪಿನ್ ಹೋಗಿ ಒಂದು ಮನೆಯ ತಾರಸಿಯ ಮೇಲೆ ಕೂತಿತು. ಕೈ ತಣ್ಣಗಾಯಿತು.

ಫೋಟೋ ಫೈಲಿನ ಒಳಗೆ ಎಕ್ಸಿಫ್ ಎಂಬ ಒಂದು ಜೇಬಿರುತ್ತದೆ. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘವೊಂದು ರೂಪಿಸಿದ ಪದ್ಧತಿ ಇದು. ಯಾವ ಕ್ಯಾಮೆರಾ, ಯಾವ ಹೊತ್ತು, ಎಷ್ಟು ಬೆಳಕು ಎಂಬುದನ್ನೆಲ್ಲ ಯಂತ್ರ ತಾನಾಗಿಯೇ ಬರೆದಿಡುತ್ತದೆ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಅಕ್ಷಾಂಶ, ರೇಖಾಂಶವೂ ಸೇರುತ್ತವೆ. ಡಿಗ್ರಿಯ ದಶಮಾಂಶದಲ್ಲಿ ನಾಲ್ಕನೇ ಅಂಕಿಗೆ ಬಂದರೆ ಜಾಗ ಸುಮಾರು 11 ಮೀಟರಿನಷ್ಟು ನಿಖರ, ಐದನೆಯದಕ್ಕೆ ಸುಮಾರು ಒಂದು ಮೀಟರಿನಷ್ಟು. ಜಿಪಿಎಸ್ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ನಿಜ. ಆದರೆ ಹುಡುಕಿಕೊಂಡು ಬರುವವನಿಗೆ ಬೀದಿ ಸಿಕ್ಕರೂ ಸಾಕಲ್ವಾ?

ನಾಚಿಕೆಯ ಸಂಗತಿ ಏನೆಂದರೆ, ಇದೆಲ್ಲ ನನಗೆ ಗೊತ್ತಿತ್ತು. 2012ರ ಡಿಸೆಂಬರ್‌ನಲ್ಲಿ ವೈಸ್ ಪತ್ರಿಕೆ, ಪೊಲೀಸರಿಂದ ತಲೆಮರೆಸಿಕೊಂಡಿದ್ದ ಆಂಟಿವೈರಸ್ ಉದ್ಯಮಿ ಜಾನ್ ಮೆಕಾಫಿಯ ಜೊತೆಗಿದ್ದ ಫೋಟೋ ಹಾಕಿತ್ತು. ಆತ ಗ್ವಾಟೆಮಾಲಾದಲ್ಲಿದ್ದಾನೆ ಎಂದು ಆ ಫೈಲೇ ಊರಿಗೆಲ್ಲ ಹೇಳಿಬಿಟ್ಟಿತು. ಕೆಲವೇ ದಿನಗಳಲ್ಲಿ ಅವನ ಬಂಧನವೂ ಆಯಿತು. ಡೆಸ್ಕಿಗೆ ಬಂದ ಹೊಸಬರಿಗೆ ಈ ಕಥೆ ಹೇಳಿ ನಗುತ್ತಿದ್ದವನು ನಾನು. ಕಥೆಯಾಗಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಚಿತ್ರ ತೆಗೆಯುವುದೂ ಸುಲಭವಾಗಲಿಲ್ಲ. ಪುಟದಿಂದ ಎರಡು ನಿಮಿಷದಲ್ಲಿ ತೆಗೆದೆ. ಆದರೆ ನಮ್ಮ ಸಿಸ್ಟಮ್ ಪ್ರತಿ ಫೋಟೋಗೂ ನಾಲ್ಕೈದು ಅಳತೆಯ ಪ್ರತಿ ಮಾಡುತ್ತದೆ. ಓದುಗರಿಗೆ ಕಾಣುವುದು ಆ ಚಿಕ್ಕ ಪ್ರತಿಗಳು. ಅವುಗಳಲ್ಲಿ ಎಕ್ಸಿಫ್ ಉಳಿದಿರಲಿಲ್ಲ. ಮೂಲ ಫೈಲ್ ಮಾತ್ರ ಸರ್ವರ್‌ನಲ್ಲಿ ಇದ್ದ ಹಾಗೇ ಕೂತಿತ್ತು. ಚಿತ್ರದ ವೆಬ್ ವಿಳಾಸದಲ್ಲಿ ಅಳತೆಯ ಅಂಕಿ ಅಳಿಸಿದರೆ ಯಾರಿಗೆ ಬೇಕಾದರೂ ತೆರೆದುಕೊಳ್ಳುತ್ತಿತ್ತು. ಅದನ್ನು ಅಳಿಸಿದ ಮೇಲೂ ಪುಟ ಬೇಗ ತೆರೆಯಲೆಂದು ಪ್ರತಿ ಇಟ್ಟುಕೊಳ್ಳುವ ಬೇರೆ ಬೇರೆ ಕಡೆಯ ಕ್ಯಾಶ್ ಸರ್ವರ್‌ಗಳಲ್ಲಿ ನಕಲು ಉಳಿದಿತ್ತು. ಎಲ್ಲ ಖಾಲಿ ಮಾಡಿಸುವಷ್ಟರಲ್ಲಿ ನಡುರಾತ್ರಿ.

ಆ ಹೆಣ್ಣುಮಗಳಿಗೆ ಫೋನ್ ಮಾಡಿದ್ದು ವರದಿಗಾರ್ತಿ. ನಾನು ಪಕ್ಕದಲ್ಲಿ ಕೂತಿದ್ದೆ. ಅವರು ಬೈಯಲಿಲ್ಲ. ‘ಎಷ್ಟು ಜನ ತೆಗೆದು ನೋಡಿರಬಹುದು ಮೇಡಂ?’ ಎಂದಷ್ಟೇ ಕೇಳಿದರು. ಪುಟವನ್ನು ಎಷ್ಟು ಜನ ಓದಿದರು ಎಂದು ನಮಗೆ ಸೆಕೆಂಡ್ ಲೆಕ್ಕದಲ್ಲಿ ಗೊತ್ತಾಗುತ್ತದೆ. ಈ ಪ್ರಶ್ನೆಗೆ ಮಾತ್ರ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ವಾರವೇ ಅವರು ಮನೆ ಬದಲಿಸಿದರು. ಖರ್ಚು ಆಫೀಸಿನದು, ಓಡಾಟ ಅವರದು.

ಮರುದಿನ ಮೀಟಿಂಗಿನಲ್ಲಿ ನಾನೇ ಹೇಳಿದೆ: ಇನ್ನು ಮೇಲೆ ಯಾವ ಫೋಟೋ ಏರಿಸಿದರೂ ಒಳಗಿರುವ ಮಾಹಿತಿ ಪೂರ್ತಿ ಅಳಿಸಿಹೋಗಲಿ. ತಾಂತ್ರಿಕ ತಂಡದವರು ಅರ್ಧ ದಿನದಲ್ಲಿ ಮಾಡಿಕೊಟ್ಟರು. ನಿರಾಳವಾಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಿದ್ದೇವೆ ಎಂದು ತಿಳಿಯಲು ಮೂರು ತಿಂಗಳು ಬೇಕಾಯಿತು.

ನಮಗೆ ಆಗಾಗ ಚಿತ್ರ ಕೊಡುವ ಫ್ರೀಲಾನ್ಸ್ ಫೋಟೋಗ್ರಾಫರ್ ಒಬ್ಬರಿದ್ದಾರೆ. ಬಿರುಕು ಬಿಟ್ಟ ಕೆರೆಯಂಗಳದ ಅವರ ಒಂದು ಚಿತ್ರ ಯಾರದ್ದೋ ಕ್ಯಾಲೆಂಡರಿನಲ್ಲಿ ಅಚ್ಚಾಗಿತ್ತು. ಕೇಳಿದರೆ, ‘ನೆಟ್ಟಿನಲ್ಲಿ ಸಿಕ್ಕಿತು, ಫೈಲಿನಲ್ಲಿ ಯಾರ ಹೆಸರೂ ಇರಲಿಲ್ಲ’ ಎಂದರಂತೆ. ಆಮೇಲೆ ನನಗೆ ಫೋನ್ ಬಂತು. ‘ಸರ್, ನಾನು ಕಳಿಸಿದ ಫೈಲಿನಲ್ಲಿ ನನ್ನ ಹೆಸರಿತ್ತು. ನಿಮ್ಮ ಕೈ ದಾಟಿದ ಮೇಲೆ ಇಲ್ಲ.’

ಅವರು ಹೇಳಿದ್ದು ಸರಿ. ಜಾಗದ ಮಾಹಿತಿ ಇದ್ದ ಅದೇ ಫೈಲಿನಲ್ಲಿ ತೆಗೆದವರ ಹೆಸರು, ಹಕ್ಕು ಯಾರದು, ಅಡಿಬರಹ ಬರೆಯುವ ಖಾನೆಗಳೂ ಇರುತ್ತವೆ. ಪತ್ರಿಕಾ ಲೋಕದವರೇ 1965ರಲ್ಲಿ ಕಟ್ಟಿಕೊಂಡ ಐಪಿಟಿಸಿ ಎಂಬ ಒಕ್ಕೂಟ ಆ ಖಾನೆಗಳನ್ನು ಗೊತ್ತುಮಾಡಿದ್ದು. ಹೆಸರು ಅಳಿಸಿದರೆ ಹಕ್ಕು ಹೋಗುವುದಿಲ್ಲ. ಆದರೆ ಕೇಳಿ ಬಳಸಬೇಕು ಎಂದುಕೊಂಡ ಒಳ್ಳೆಯವರಿಗೂ ಯಾರನ್ನು ಕೇಳುವುದೆಂದು ಗೊತ್ತಾಗುವುದಿಲ್ಲ. ಕದಿಯುವವನಿಗಂತೂ ನೆಪ ಸಿಕ್ಕಿತು. ಕದಿಯುವವರಿಗೆ ಅನುಕೂಲವಾಗುತ್ತದೆ ಎಂದು ಗೊತ್ತಿದ್ದೂ ಇಂಥ ಮಾಹಿತಿ ಅಳಿಸುವುದನ್ನು ದೇಶಗಳು ತಡೆಯಬೇಕು ಎಂದು ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋದ 1996ರ ಕಾಪಿರೈಟ್ ಒಪ್ಪಂದದ 12ನೇ ವಿಧಿ ಹೇಳುತ್ತದೆ. ನಮಗೆ ಗೊತ್ತಿರಲಿಲ್ಲ ಎಂಬುದು ನಿಜ. ಫೋಟೋ ಡೆಸ್ಕಿನವನ ಬಾಯಲ್ಲಿ ಅದೂ ಒಂದು ಉತ್ತರವಾ!

ಆಮೇಲೆ ನಾನು ಒಂದು ವಾರ ಹಳೆಯ ಫೈಲುಗಳನ್ನು ತೆರೆಯುತ್ತ ಕೂತೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವಿದೆ. 2003ರಿಂದ ಫಿಲ್ ಹಾರ್ವೆ ಎಂಬವರು ಬೆಳೆಸುತ್ತ ಬಂದದ್ದು. ಫೈಲಿನ ಜೇಬಿನಲ್ಲಿರುವುದನ್ನೆಲ್ಲ ಸಾಲಾಗಿ ಹೊರಗೆ ಹಾಕುತ್ತದೆ. ನೋಡುತ್ತ ಹೋದ ಹಾಗೆ ನಿದ್ದೆ ಕೆಟ್ಟಿತು. ಒಬ್ಬ ಹುಡುಗನ ಮುಖ ಕಾಣಬಾರದೆಂದು ಕ್ರಾಪ್ ಮಾಡಿದ್ದ ಹಳೆಯ ಚಿತ್ರವೊಂದಿತ್ತು. ಅದರೊಳಗೆ ಕ್ಯಾಮೆರಾ ಸೇರಿಸಿದ್ದ ಪೂರ್ತಿ ಚಿತ್ರದ ಪುಟ್ಟ ಪ್ರತಿ, ಅಂದರೆ ಥಂಬ್‌ನೇಲ್ ಮಾತ್ರ ಹಾಗೇ ಉಳಿದು, ಹುಡುಗ ನನ್ನನ್ನೇ ನೋಡುತ್ತಿದ್ದ. ಹೆಸರು ಹೇಳಬಾರದೆಂದು ಒಬ್ಬರು ಕಳಿಸಿದ್ದ ಚಿತ್ರದಲ್ಲಿ ಅವರ ಕ್ಯಾಮೆರಾದ ಸೀರಿಯಲ್ ನಂಬರ್ ಇತ್ತು. ಅವರು ತಮ್ಮ ಹೆಸರಿನಲ್ಲೇ ಬೇರೆಲ್ಲಾದರೂ ಹಾಕಿದ ಫೋಟೋದಲ್ಲೂ ಅದೇ ನಂಬರ್ ಇದ್ದರೆ ಮುಗಿಯಿತು, ಎರಡನ್ನೂ ಜೋಡಿಸಿಬಿಡಬಹುದು.

ಕ್ರಾಪ್ ಎಂದಾಗ ಇನ್ನೊಂದು ನೆನಪಾಯಿತು. ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ ಕ್ರಾಪ್ ಮಾಡಿದ ಸ್ಕ್ರೀನ್‌ಶಾಟಿನಿಂದ, ಕತ್ತರಿಸಿ ತೆಗೆದ ಭಾಗವನ್ನು ಎಷ್ಟೋ ಮಟ್ಟಿಗೆ ವಾಪಸ್ ಪಡೆಯಬಹುದು ಎಂದು 2023ರ ಮಾರ್ಚ್‌ನಲ್ಲಿ ಬಯಲಾಯಿತು. ಹೊಸ ಚಿಕ್ಕ ಚಿತ್ರವನ್ನು ಫೋನು ಹಳೆಯ ಫೈಲಿನ ಮೇಲೇ ಬರೆದು, ಹಳೆಯದರ ಉಳಿದ ಬಾಲವನ್ನು ಅಳಿಸದೆ ಬಿಡುತ್ತಿತ್ತು. ದೊಡ್ಡ ಕಂಪನಿಗೇ ಹೀಗಾಗುವಾಗ ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ನನಗೆ ಭಯವೇ ಜಾಸ್ತಿ ಆಯಿತು.

ಕೊನೆಗೆ ಎರಡು ಪಟ್ಟಿ ಮಾಡಿದೆವು. ಜಾಗ, ಸೀರಿಯಲ್ ನಂಬರ್, ಒಳಗಿನ ಥಂಬ್‌ನೇಲ್ ಹೋಗಬೇಕು. ಫೋಟೋಗ್ರಾಫರ್ ಹೆಸರು, ಹಕ್ಕಿನ ಸಾಲು, ಅಡಿಬರಹ ಉಳಿಯಬೇಕು. ಹೆಸರು ಮುಚ್ಚಿಡಬೇಕಾದವರ ಚಿತ್ರವಾದರೆ ಮೂಲ ಫೈಲ್ ಸರ್ವರ್‌ಗೆ ಹೋಗುವಂತೆಯೇ ಇಲ್ಲ. ವರದಿಗಾರರಿಗೂ ಒಂದು ಮಾತು ಹೇಳಿದೆವು: ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಜಾಗದ ಮಾಹಿತಿ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಕ್ವಾಲಿಟಿ ಚೆನ್ನಾಗಿರಲಿ ಎಂದು ಡಾಕ್ಯುಮೆಂಟ್ ಆಗಿಯೇ ಕಳಿಸಿ ಎಂದು ಅವರಿಗೆ ಕಲಿಸಿದ್ದು ಮತ್ತೆ ಯಾರು? ನಾನೇ.

ಈಗ ಇದರ ಮೇಲೆ ಇನ್ನೊಂದು ಪದರ ಬರುತ್ತಿದೆ. ಎಐ ಚಿತ್ರಗಳ ಕಾಟದಿಂದ, ಫೋಟೋ ಎಲ್ಲಿಂದ ಬಂತು, ಏನೇನು ತಿದ್ದಿದರು ಎಂಬುದನ್ನು ಡಿಜಿಟಲ್ ಸಹಿ ಹಾಕಿ ಫೈಲಿಗೇ ಅಂಟಿಸುವ ಸಿ2ಪಿಎ ಎಂಬ ಪದ್ಧತಿ ಬಂದಿದೆ. 2023ರಲ್ಲಿ ಬಂದ ಲೈಕಾ ಎಂ11-ಪಿ ಕ್ಯಾಮೆರಾದಲ್ಲೇ ಅದು ಸೇರಿದೆ. ನನಗೆ ಅದು ಇಷ್ಟ, ಕೆರೆಯಂಗಳದ ಫೋಟೋಗ್ರಾಫರ್‌ಗೂ ಇಷ್ಟವಾಗಬಹುದು. ಕೆಲವು ವಿವರಗಳನ್ನು ಮರೆಮಾಡಲು ಅದರಲ್ಲಿ ಅವಕಾಶವೂ ಇದೆ. ಆದರೆ ಮರೆಮಾಡಬೇಕು ಎಂದು ನೆನಪಿಟ್ಟುಕೊಳ್ಳಬೇಕಾದವನು ಮತ್ತೆ ಡೆಸ್ಕಿನಲ್ಲಿ ಕೂತ ಮನುಷ್ಯನೇ.

ಪ್ರತಿ ಶನಿವಾರ ಆ ವಾರ ಪ್ರಕಟವಾದ ಹತ್ತು ಫೋಟೋಗಳನ್ನು ಹೊರಗಿನವರ ಹಾಗೆ ಡೌನ್‌ಲೋಡ್ ಮಾಡಿ ಬಿಚ್ಚಿ ನೋಡುತ್ತೇನೆ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಯನ್ನು ಜೊತೆಗೆ ಕೂರಿಸಿಕೊಂಡೆ. ಮೊದಲನೇ ಫೈಲ್, ಹೆಸರು ಬದಲಿಸಿದ್ದ ಒಬ್ಬರ ಚಿತ್ರ. ಜಾಗ ಇಲ್ಲ. ಸೀರಿಯಲ್ ನಂಬರ್ ಇಲ್ಲ. ಫೋಟೋಗ್ರಾಫರ್ ಹೆಸರು ಇದೆ. ನಾನು ಖುಷಿಯಲ್ಲಿ ಮುಂದಿನದಕ್ಕೆ ಹೊರಟೆ. ‘ಸರ್, ಒಂದ್ನಿಮಿಷ’ ಎಂದಳು. ಅಡಿಬರಹದ ಖಾನೆ ಉಳಿಯಬೇಕು ಎಂದು ಪಟ್ಟಿಯಲ್ಲಿ ಬರೆದವರು ನಾವೇ ಅಲ್ವಾ, ಅದು ಉಳಿದಿತ್ತು. ಅದರಲ್ಲಿ ಡೆಸ್ಕಿನವರಿಗೆ ತಿಳಿಯಲಿ ಎಂದು ಫೋಟೋಗ್ರಾಫರ್ ಬರೆದ ಒಂದು ಸಾಲಿತ್ತು. ಮೊದಲು ನಿಜವಾದ ಹೆಸರು. ಆಮೇಲೆ, ‘ಹೆಸರು ಬದಲಿಸಿ.’