ನಲ್ಲಿ ಸೋರಿದ್ರೆ ಇನ್ನೂ ಬಿಗಿ ಮಾಡ್ಬೇಡಿ

ನಲ್ಲಿ ತೊಟ್ಟಿಕ್ಕೋಕೆ ಶುರುವಾದ್ರೆ ನಮ್ಮನೇಲಿ ಇರೋ ಮದ್ದು ಒಂದೇ, ಇನ್ನೂ ಜೋರಾಗಿ ತಿರುಗ್ಸೋದು. ಅಪ್ಪ ತಿರುಗ್ಸಿ ಹೋದ್ಮೇಲೆ ಅಮ್ಮನ ಕೈಲಿ ಬಿಚ್ಚೋಕೇ ಆಗಲ್ಲ, ಮತ್ತೆ ಅಪ್ಪನ್ನೇ ಕರೀಬೇಕು. ಹಳೇ ಹಿತ್ತಾಳೆ ನಲ್ಲಿ ಒಳಗೆ ಇರೋದು ಒಂದು ಪುಟ್ಟ ರಬ್ಬರ್ ವಾಷರ್ ಅಷ್ಟೇ, ಅದು ಸವೆದಾಗ ನೀರು ನುಸುಳತ್ತೆ, ನಾವು ಬಿಗಿ ಮಾಡಿದಷ್ಟೂ ಅದು ಇನ್ನೂ ಕತ್ತರಿಸಿ ಹೋಗಿ ಕೊನೆಗೆ ಅದು ಕೂರೋ ಸೀಟೇ ಗೀರು ಬೀಳತ್ತೆ, ಆಮೇಲೆ ಹೊಸ ವಾಷರ್ ಹಾಕಿದ್ರೂ ನಿಲ್ಲಲ್ಲ. ಸೆಕೆಂಡಿಗೆ ಒಂದು ಹನಿ ಅಂದ್ರೂ ದಿನಕ್ಕೆ 86,400 ಹನಿ, ಟ್ಯಾಂಕರ್ ನೀರಿಗೆ ದುಡ್ಡು ಕೊಡೋ ಮನೇಲಿ ಇದು ಹೊಟ್ಟೆ ಉರಿಯೋ ವಿಷ್ಯ.

ಮೊದ್ಲು ನೀರು ಎಲ್ಲಿಂದ ಬರ್ತಿದೆ ನೋಡಿ. ಮೂತಿಯಿಂದ ಬಂದ್ರೆ ವಾಷರ್, ಹಿಡಿ ಬುಡದಿಂದ ಬಂದ್ರೆ ಗ್ಲ್ಯಾಂಡು (ಹಿಡಿ ಕಡ್ಡಿ ಸುತ್ತ ನೀರು ತಡೆಯೋ ನಟ್ಟು) ಇಲ್ಲಾ ಓ ರಿಂಗು (ಅಲ್ಲೇ ಇರೋ ರಬ್ಬರ್ ಬಳೆ). ಬಿಚ್ಚೋ ಮುಂಚೆ ವಾಲ್ವ್ ಬಂದ್ ಮಾಡಿ, ಟೆರೇಸ್ ಮೇಲಿನ ಹಳೇ ಗೇಟ್ ವಾಲ್ವ್ ಪೂರ್ತಿ ನಿಲ್ಲತ್ತೆ ಅಂತ ನಂಬ್ಕೋಬೇಡಿ, ನಲ್ಲಿ ತಿರುಗ್ಸಿ ಬಿಟ್ಟು ನೀರು ನಿಂತಿದ್ಯಾ ನೋಡಿ ಆಮೇಲೆ ಸ್ಪ್ಯಾನರ್ ಹಾಕಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಇಲ್ದಿದ್ರೆ ಸ್ಕ್ರೂ ಹೋಯ್ತು ಅಂತ್ಲೇ. ಹೊಸ ವಾಷರ್ ಹಾಕಿ ಹೆಡ್ (ಬಿಚ್ಚಿ ತೆಗೆದ ಮೇಲಿನ ಭಾಗ) ವಾಪಸ್ ಕೂರ್ಸೋವಾಗ ಸ್ಪಿಂಡಲ್, ಅಂದ್ರೆ ಹಿಡಿ ಜೊತೆ ತಿರುಗೋ ಕಡ್ಡಿ, ತೆರೆದ ಸ್ಥಿತೀಲೇ ಇರ್ಲಿ, ಮುಚ್ಚಿಟ್ಟು ಬಿಗಿ ಮಾಡಿದ್ರೆ ಹೊಸ ವಾಷರ್ ಅಲ್ಲೇ ನಜ್ಜುಗುಜ್ಜು.

ಕಾಲು ಸುತ್ತಿಗೇ ನಿಲ್ಲೋ ಈಗಿನ ನಲ್ಲೀಲಿ ವಾಷರ್ ಬದ್ಲು ಸೆರಾಮಿಕ್ ಡಿಸ್ಕ್ ಇರತ್ತೆ. ಬೋರ್ ನೀರಿಗೆ ಇವೇ ಬೇಗ ಗಟ್ಟಿಯಾಗೋದು, ಬಿಳಿ ಸುಣ್ಣದ ಪೊರೆ ಕಟ್ಕೊಂಡಿರತ್ತೆ. ಬಿಚ್ಚಿ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದ್ರೆ ಎಷ್ಟೋ ಸಲ ಸಲೀಸಾಗತ್ತೆ. ಕೊಬ್ಬರಿ ಎಣ್ಣೆ ಬಿಡೋರಿದ್ದಾರೆ, ನನಗದು ಸರಿ ಅನ್ಸಲ್ಲ, ನಾಲ್ಕು ದಿನ ಚೆನ್ನಾಗಿದ್ದು ಆಮೇಲೆ ಅಂಟಂಟು. ಸಿಲಿಕಾನ್ ಗ್ರೀಸ್ ಒಂಚೂರು ಸಾಕು.

ಡಿಸ್ಕ್ ಸೀಳಿದ್ರೆ ಡಿಸ್ಕ್ ಸಮೇತ ಪೂರ್ತಿ ಸ್ಪಿಂಡಲ್ಲೇ ಬದಲಾಯಿಸ್ಬೇಕು. ಹಾರ್ಡ್‌ವೇರ್ ಅಂಗಡಿಗೆ ಹಳೇದನ್ನ ಕೈಲಿ ಹಿಡ್ಕೊಂಡೇ ಹೋಗಿ, ಫೋಟೋ ತೋರ್ಸಿದ್ರೆ ಪ್ರಯೋಜನ ಇಲ್ಲ, ತುದೀಲಿರೋ ಹಲ್ಲು, ಉದ್ದ ಎಲ್ಲ ಕಂಪನಿಯಿಂದ ಕಂಪನಿಗೆ ಬೇರೆ. ವಾಷರ್ ತರೋದಾದ್ರೆ ಮಾತ್ರ ಒಂದೇ ತರ್ಬೇಡಿ, ನಾಲ್ಕೈದು ತಂದಿಟ್ಕೊಳ್ಳಿ, ಮನೇಲಿರೋ ಮಿಕ್ಕ ನಲ್ಲಿಗಳಿಗೂ ಅಷ್ಟೇ ವಯಸ್ಸಾಗಿರತ್ತೆ.