ಹೊಗೆ ಬಂತು ಅಂತ ಇಂಜಿನ್ ಇಳಿಸೋಕೆ ಮುಂಚೆ

ನಮ್ಮದು ಹಳೇ ಟರ್ಬೋ ಲಾರಿ (ಟರ್ಬೋ ಅಂದ್ರೆ ಹೊಗೆ ರಭಸಕ್ಕೆ ತಿರುಗಿ ಇಂಜಿನ್ ಒಳಗೆ ಗಾಳಿ ತುಂಬೋ ಫ್ಯಾನ್), ಆರು ಸಿಲಿಂಡರು, ಡೀಸೆಲ್ ಕೊಡೋಕೆ ಇನ್‌ಲೈನ್ ಪಂಪು, ಸೆನ್ಸರ್ ಗಿನ್ಸರ್ ಏನೂ ಇಲ್ಲ, ಸ್ಕ್ಯಾನರ್ ಹಾಕಿ ನೋಡೋಣ ಅಂದ್ರೂ ಹಾಕೋಕೆ ಜಾಗ ಇಲ್ಲ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಮಂಗಳೂರಿಂದ ಗೊಬ್ಬರ ತುಂಬ್ಕೊಂಡು ಹಾಸನಕ್ಕೆ ಬರ್ತಿದ್ವಿ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋಕೆ ಶುರು ಮಾಡಿದ್ದೇ ತಡ ಕಪ್ಪು ಹೊಗೆ, ಕನ್ನಡಿಲಿ ಹಿಂದಿನ ಗಾಡಿನೇ ಕಾಣಲ್ಲ, ಪಿಕಪ್ಪೂ ಇಲ್ಲ, ಯಾವಾಗ್ಲೂ ಮೂರನೇ ಗೇರಲ್ಲಿ ಹತ್ತೋ ಏರಿಗೆ ಎರಡಕ್ಕೆ ಇಳಿಸ್ಬೇಕು. ಮಾರನಹಳ್ಳಿ ಹತ್ರ ಟೀಗೆ ನಿಲ್ಸಿದಾಗ ಇಂಜಿನ್ ಆಫ್ ಮಾಡಿರ್ಲಿಲ್ಲ, ವಾಪಸ್ ಬಂದು ಆಕ್ಸಿಲರೇಟರ್ ಒತ್ತಿದ್ರೆ ಈಗ ನೀಲಿ ಹೊಗೆ, ಆಯಿಲ್ ಸುಟ್ಟ ವಾಸನೆ.

ಹಾಸನದಲ್ಲಿ ಮೊದಲು ತೋರಿಸಿದ ಗ್ಯಾರೇಜಲ್ಲಿ ಬಾನೆಟ್ ಕೂಡ ಎತ್ತದೆ ಬೋರ್ ಹೋಗಿದೆ, ಅಂದ್ರೆ ಸಿಲಿಂಡರ್ ಒಳಗೆ ಸವೆದಿದೆ, ಇಂಜಿನ್ ಇಳಿಸ್ಬೇಕು ಅಂದ್ಬಿಟ್ರು. ಲೈನರು, ಪಿಸ್ಟನ್ನು, ರಿಂಗು, ಹೆಡ್ ಕೆಲಸ, ಜೊತೆಗೆ ಗಾಡಿ ನಿಂತಿರೋ ದಿನಗಳ ಬಾಡಿಗೆ ನಷ್ಟ, ಒಂದೇ ಗಾಡಿ ಇಟ್ಕೊಂಡಿರೋರಿಗೆ ಇದು ಸಣ್ಣ ಮಾತಲ್ಲ. ಮನಸ್ಸೊಪ್ಪದೆ ನಮ್ಮಪ್ಪನ ಕಾಲದಿಂದ ಗೊತ್ತಿರೋ ಮೆಕ್ಯಾನಿಕ್ ಸಾಬ್ರ ಹತ್ರ ತಗೊಂಡು ಹೋದೆ.

"ಬಣ್ಣ ಆಮೇಲೆ ಹೇಳಪ್ಪ, ಯಾವಾಗ ಬರುತ್ತೆ ಅದನ್ನ ಹೇಳು" ಅಂದ್ರು. ಲೋಡಲ್ಲಿ ಏರು ಹತ್ತೋವಾಗ ಕಪ್ಪು, ನಿಂತು ಹೊರಟಾಗ ನೀಲಿ ಅಂದೆ. ಆಯಿಲ್ ಹಾಕೋ ಮುಚ್ಚಳ ತೆಗ್ದು, ತಿರುಗಿಸದೆ ಹಂಗೇ ಬಾಯಿ ಮೇಲೆ ಬೋರಲು ಇಟ್ಟು ಸ್ಲೋನಲ್ಲಿ ಇಂಜಿನ್ ಬಿಟ್ರು. ಪಿಸ್ಟನ್ ರಿಂಗ್ ಸವೆದಿದ್ರೆ ಗ್ಯಾಸು ಕೆಳಗೆ ಆಯಿಲ್ ಚೇಂಬರ್‌ಗೆ ಇಳಿದು ಮುಚ್ಚಳನ ಎಗರಿಸುತ್ತೆ. ನಮ್ಮದು ಸ್ವಲ್ಪ ನಡುಗ್ತೇ ಹೊರತು ಕೂತ ಜಾಗ ಬಿಡ್ಲಿಲ್ಲ. ಅಷ್ಟಕ್ಕೇ ನನಗೆ ಅರ್ಧ ಜೀವ ಬಂತು!

ಕಪ್ಪು ಹೊಗೆ ಅಂದ್ರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ, ಇದು ಎಲ್ರಿಗೂ ಗೊತ್ತು, ಅದಕ್ಕೇ ಎಲ್ರೂ ಸೀದಾ ಪಂಪಿಗೆ ಕೈ ಹಾಕ್ತಾರೆ. ಸಾಬ್ರು ಗಾಳಿ ಕಡೆಯಿಂದ ಶುರು ಮಾಡಿದ್ರು. ಏರ್ ಫಿಲ್ಟರ್ ಚೆನ್ನಾಗಿತ್ತು. ಟರ್ಬೋ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರ್ ಕೆಳಗಿನ ಹೋಸ್ ಮೇಲಿಂದ ನೋಡಿದ್ರೆ ಹೊಸದರ ಥರ ಇತ್ತು, ಆದ್ರೆ ಅಡಿಯಲ್ಲಿ ಕ್ಲ್ಯಾಂಪ್ ಪಕ್ಕ ಆಯಿಲ್ ಜಿಡ್ಡಿಗೆ ಧೂಳು ಅಂಟಿ ಒಂದು ಕಪ್ಪು ಗೆರೆ. ಹೆಬ್ಬೆರಳಲ್ಲಿ ಒತ್ತಿದ್ರೆ ಗೆರೆ ಬಾಯಿ ಬಿಡ್ತು. ನಿಂತಾಗ ಬೂಸ್ಟೇ (ಟರ್ಬೋ ಗಾಳಿ ಒತ್ತಡ) ಇರಲ್ಲ, ಅದಕ್ಕೆ ಸೀಳು ಮುಚ್ಕೊಂಡಿರುತ್ತೆ, ಘಾಟಿಲಿ ಟರ್ಬೋ ಗಾಳಿ ತುಂಬಿದಾಗ ತೆರ್ಕೊಂಡು ಗಾಳಿ ಹೊರಗೆ ಹೋಗುತ್ತೆ. ನಮ್ಮ ಪಂಪಲ್ಲಿ ಬೂಸ್ಟ್ ಬಿದ್ರೆ ಡೀಸೆಲ್ ಕಮ್ಮಿ ಮಾಡೋ ವ್ಯವಸ್ಥೆನೂ ಇಲ್ಲ, ಒತ್ತಿದಷ್ಟೂ ಸುರಿಯುತ್ತೆ.

ನೀಲಿ ಹೊಗೆ ಕೆಲಸನೇ ನನಗೆ ತುಂಬಾ ಇಷ್ಟ ಆಗಿದ್ದು. ಟರ್ಬೋಯಿಂದ ಸೈಲೆನ್ಸರ್ ಪೈಪ್ ಬಿಚ್ಚಿದ್ರು, ಒಳಗೆ ಆಯಿಲ್ ಒದ್ದೆ. ಆಮೇಲೆ ಟರ್ಬೋನ ಮ್ಯಾನಿಫೋಲ್ಡಿಂದ (ಸಿಲಿಂಡರ್ ಹೊಗೆ ಟರ್ಬೋಗೆ ಬರೋ ಪೈಪು) ಬಿಚ್ಚಿ, ಮ್ಯಾನಿಫೋಲ್ಡ್ ಒಳಗೆ ಬೆರಳು ಆಡಿಸಿ ನನ್ನ ಕಡೆ ತೋರಿಸಿದ್ರು, ಒಣ ಮಸಿ. ಇಂಜಿನ್ ಆಯಿಲ್ ಸುಡ್ತಿದ್ರೆ ಮ್ಯಾನಿಫೋಲ್ಡೇ ಒದ್ದೆ ಇರ್ಬೇಕಿತ್ತು, ಇಲ್ಲಿ ಟರ್ಬೋ ದಾಟಿದ ಮೇಲೆ ಮಾತ್ರ ಆಯಿಲ್. ಹಂಗಾದ್ರೆ ಟರ್ಬೋ ಹೋಗಿದ್ಯಾ ಅಂದೆ. ಶಾಫ್ಟ್ ಹಿಡಿದು ಅಲ್ಲಾಡಿಸಿದ್ರು, ಅಕ್ಕಪಕ್ಕಕ್ಕೆ ಸ್ವಲ್ಪ ಆಟ ಇತ್ತು, ಅಷ್ಟು ಇರ್ಲೇಬೇಕಂತೆ, ಹಿಂದೆಮುಂದೆ ಆಟ ಇಲ್ಲ, ಫ್ಯಾನ್ ರೆಕ್ಕೆ ಎಲ್ಲೂ ಉಜ್ಜಿರ್ಲಿಲ್ಲ. ಕೊನೆಗೆ ಟರ್ಬೋಯಿಂದ ಆಯಿಲ್ ವಾಪಸ್ ಇಳಿಯೋ ಪೈಪಿನ ರಬ್ಬರ್ ತುಂಡು ಕೊಯ್ದು ನೋಡಿದ್ರೆ ಒಳಪದರ ಎದ್ದು ದಾರಿನೇ ಮುಕ್ಕಾಲು ಮುಚ್ಚಿತ್ತು. ಆ ಪೈಪಲ್ಲಿ ಪ್ರೆಶರ್ ಇಲ್ಲ, ಆಯಿಲ್ ತನ್ನ ಭಾರಕ್ಕೆ ಕೆಳಗಿಳೀಬೇಕು, ದಾರಿ ಕಟ್ಟಿದ್ರೆ ಮೇಲೆ ನಿಂತು ಸೀಲ್ ದಾಟಿ ಸೈಲೆನ್ಸರ್‌ಗೆ ಸೇರುತ್ತೆ, ಹೊರಟಾಗ ಸುಡುತ್ತೆ.

ಎರಡು ಹೋಸು, ನಾಲ್ಕು ಕ್ಲ್ಯಾಂಪು, ಟರ್ಬೋ ಗ್ಯಾಸ್ಕೆಟ್‌ಗಳು, ಅಷ್ಟೇ. ಸೈಲೆನ್ಸರಲ್ಲಿ ಉಳಿದಿದ್ದ ಆಯಿಲ್ ಸುಟ್ಟು ಹೋಗೋವರೆಗೂ ನೀಲಿ ಸ್ವಲ್ಪ ಇತ್ತು, ಆಮೇಲೆ ಪೂರ್ತಿ ನಿಂತ್ಹೋಯ್ತು, ಘಾಟಿಲಿ ಮತ್ತೆ ಮೂರನೇ ಗೇರು. ಈಗ ಚಳಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಒಂದಿಷ್ಟು ಹೊತ್ತು ಬರುತ್ತೆ, ಕಣ್ಣು ಉರಿಯೋ ಡೀಸೆಲ್ ವಾಸನೆ, ರೇಡಿಯೇಟರ್ ನೀರು ಮಾತ್ರ ಇಳಿದಿಲ್ಲ, ಅದಕ್ಕೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಸೇರ್ತಿರಲಾರದು ಅಂತ ಸಾಬ್ರು ನಾಜಲ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸೋದು) ಬಿಚ್ಕೊಂಡು ಬಾ ಅಂದಿದಾರೆ, ಈ ವಾರ ಲೋಡ್ ಇಳಿಸಿ ಅಲ್ಲಿಗೇ ಹೋಗ್ಬೇಕು.